ಸಹಾಯ ಬೇಕು (ಪುಣೆ): ಮೋಡಿ ಲಿಪಿ (ಮರಾಠಿಯ ಹಳೇ ಕೈಬರಹದ ಲಿಪಿ) ಓದಬಲ್ಲವರು, ಶನಿವಾರ ಎರಡು ಗಂಟೆ ಕೊಡಬಲ್ಲವರು

ಪುಣೆ ಕನ್ನಡಿಗರಿಗೆ ನಮಸ್ಕಾರ. ಜುನ್ನರ್, ಅಂಬೇಗಾಂವ್ ಕಡೆಯ ಮಹಾದೇವ ಕೋಳಿ, ಠಾಕರ್ ಎಂಬ ಆದಿವಾಸಿ ಸಮುದಾಯಗಳ ಹುಡುಗಿಯರು ಡಿಗ್ರಿ, ನರ್ಸಿಂಗ್ ಓದಲು ಇಲ್ಲಿಗೆ ಬರುತ್ತಾರೆ. ಅವರ ಅರ್ಜಿ ಕೆಲಸಕ್ಕೆ ಜನ ಬೇಕು.

ದೊಡ್ಡ ತೊಡಕು ವ್ಯಾಲಿಡಿಟಿಯದು, ಅಂದರೆ ಜಾತಿ ಪ್ರಮಾಣಪತ್ರ ಸರಿಯೆಂದು ಪರಿಶೀಲನಾ ಸಮಿತಿ ಕೊಡುವ ಪತ್ರದ್ದು. ವೃತ್ತಿಪರ ಕೋರ್ಸಿನ ಮೀಸಲು ಸೀಟಿಗೆ ಜಾತಿ ಪ್ರಮಾಣಪತ್ರ ಒಂದೇ ಸಾಲದು. ಪರಿಶೀಲನಾ ಸಮಿತಿ 1950ರ ಸೆಪ್ಟೆಂಬರ್ 6ಕ್ಕಿಂತ (ಪರಿಶಿಷ್ಟ ಪಂಗಡಗಳ ಪಟ್ಟಿಯ ಆದೇಶ ಹೊರಟ ದಿನ) ಹಿಂದಿನ ದಾಖಲೆಗೆ ಹೆಚ್ಚು ಬೆಲೆ ಕೊಡುತ್ತದೆ. ಅಂದರೆ ಅಜ್ಜ, ಮುತ್ತಜ್ಜನ ಶಾಲಾ ರಿಜಿಸ್ಟರ್ ಹುಡುಕಬೇಕು, ಅದೂ ತಂದೆಯ ಕಡೆಯದು. ಸಿಕ್ಕರೂ ಎಷ್ಟೋ ಸಲ ಮೋಡಿಯಲ್ಲಿರುತ್ತದೆ. ಜಾತಿ ಕಾಲಮ್ಮಿನಲ್ಲಿ ಬರೀ 'ಕೋಳಿ' ಎಂದಿದ್ದರೆ ತಕರಾರು ಗ್ಯಾರಂಟಿ, ಎಲ್ಲ ಕೋಳಿಗಳೂ ಪರಿಶಿಷ್ಟ ಪಂಗಡದವರಲ್ಲವಲ್ಲ. ಆಗ ತಂದೆ ಕಡೆಯ ರಕ್ತಸಂಬಂಧಿಯ ವ್ಯಾಲಿಡಿಟಿ, ವಂಶಾವಳಿ ಜೋಡಿಸಬೇಕು. ಸೀಟು ಸಿಕ್ಕ ಮೇಲೆ ಶುರುಮಾಡಿದರೆ ತಡವಾಯಿತೆಂದೇ ಲೆಕ್ಕ. ಹನ್ನೊಂದನೇ ತರಗತಿಯಲ್ಲೇ ಫೈಲು ಹಾಕಿಸಬೇಕು.

ಸೇರಿದವರು ಓದು ಬಿಡುವುದು ಹೆಚ್ಚಾಗಿ ದುಡ್ಡಿಗೆ. ಮಹಾಡಿಬಿಟಿ (ಮಹಾರಾಷ್ಟ್ರ ಸರ್ಕಾರದ ಆನ್‌ಲೈನ್ ಪೋರ್ಟಲ್) ಸ್ಕಾಲರ್‌ಶಿಪ್ ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ ಹೋಗುತ್ತದೆ. ಸಿಮ್ ಕೊಳ್ಳುವಾಗ ಅಂಗಡಿಯವನು ತೆರೆದುಕೊಟ್ಟ ಖಾತೆಯೇ ಅದಾಗಿರಬಹುದು! ಹುಡುಗಿ ಪಾಸ್‌ಬುಕ್ ಹಿಡಿದು ಬೇರೆ ಬ್ಯಾಂಕಿನಲ್ಲಿ ಕಾಯುತ್ತಿರುತ್ತಾಳೆ.

ಬೇಕಾದವರು: ಮೋಡಿ ಓದುವವರು ಒಬ್ಬರು, ಮರಾಠಿ ಫಾರ್ಮ್ ತುಂಬಬಲ್ಲವರು ಮೂವರು, ಒಂದು ಸ್ಕ್ಯಾನರ್.

ಅಂದಹಾಗೆ, ರಾಯಚೂರು, ಯಾದಗಿರಿಯಿಂದ ಬಂದ ನಾಯಕ ಸಮುದಾಯದ ಮನೆಯವರು ಗಮನಿಸಿ: ಕರ್ನಾಟಕದ ಎಸ್‌ಟಿ ಪ್ರಮಾಣಪತ್ರ ಮಹಾರಾಷ್ಟ್ರದ ರಾಜ್ಯ ಕೋಟಾಕ್ಕೆ ನಡೆಯುವುದಿಲ್ಲ, ಕೇಂದ್ರದ ಸಂಸ್ಥೆಗಳಲ್ಲಿ ನಡೆಯುತ್ತದೆ. ಸಹಾಯಕ್ಕೆ ಬರುವವರು ಇಲ್ಲೇ ಕಾಮೆಂಟ್ ಹಾಕಿ.