ಅಪ್‌ಡೇಟ್: ಡಿಪ್ಲೊಮಾ ಬಿಟ್ಟೆ, ವಿನಿಪೆಗ್‌ಗೆ ಹೊರಟೆ

ಕಳೆದ ವರ್ಷ ಇಲ್ಲಿ ಕೇಳಿದ್ದೆ: ಏಜೆಂಟ್ ಹೇಳಿದ ಡಿಪ್ಲೊಮಾಗೆ ಕೆನಡಾಕ್ಕೆ ಈಗಲೇ ಹೋಗಲಾ, ಮಾಸ್ಟರ್ಸ್ ಸೀಟಿಗೆ ಕಾಯಲಾ ಅಂತ. ಬಹಳ ಜನ ಕಾಯಿರಿ ಅಂದಿರಿ. ಕಾದೆ. ವಿನಿಪೆಗ್ ನಗರದ ಯೂನಿವರ್ಸಿಟಿ ಆಫ್ ಮ್ಯಾನಿಟೋಬಾದಲ್ಲಿ ಮಾಸ್ಟರ್ಸ್ ಸೀಟು ಸಿಕ್ಕಿತು, ಸ್ಟಡಿ ಪರ್ಮಿಟ್ (ಕೆನಡಾದಲ್ಲಿ ಓದಲು ಅನುಮತಿ) ಕೂಡ ಮಂಜೂರಾಯಿತು!

ನಿಯಮಗಳು ಮಾಸ್ಟರ್ಸ್ ಕಡೆಗೇ ವಾಲಿವೆ. 2026ರ ಜನವರಿಯಿಂದ ಸರ್ಕಾರಿ ವಿಶ್ವವಿದ್ಯಾಲಯದ ಮಾಸ್ಟರ್ಸ್‌ಗೆ ಪ್ರಾಂತ್ಯದ ದೃಢೀಕರಣ ಪತ್ರ (ಸ್ಟಡಿ ಪರ್ಮಿಟ್ ಅರ್ಜಿಗೆ ಅಲ್ಲಿನ ಪ್ರಾಂತ್ಯ ಸರ್ಕಾರ ಕೊಡುವ ಪತ್ರ) ಬೇಕಿಲ್ಲ. ಓದು ಎರಡು ವರ್ಷಕ್ಕಿಂತ ಕಡಿಮೆಯಿದ್ದರೂ ಮುಗಿದ ಮೇಲೆ ಮೂರು ವರ್ಷದ ವರ್ಕ್ ಪರ್ಮಿಟ್‌ಗೆ ದಾರಿಯಿದೆ. ಕಾಲೇಜು ಡಿಪ್ಲೊಮಾದವರಿಗೆ ಹಾಗಲ್ಲ, ಓದಿದ ವಿಷಯ ಸರ್ಕಾರದ ಪಟ್ಟಿಯಲ್ಲಿರಬೇಕು. ಏಜೆಂಟ್ ಇದನ್ನು ಹೇಳಲೇ ಇಲ್ಲ, ಕಮಿಷನ್ ಅಲ್ವಾ!

ಬೆವರಿಳಿಸಿದ್ದು ದುಡ್ಡು. ಒಬ್ಬರ ಖರ್ಚಿಗೆ ವರ್ಷಕ್ಕೆ 22,895 ಕೆನಡಿಯನ್ ಡಾಲರ್ ತೋರಿಸಬೇಕು. ಮೊದಲ ವರ್ಷದ ಫೀಸು, ವಿಮಾನದ ಖರ್ಚು ಬೇರೆ. ನಾನು ಜಿಐಸಿ ಮಾಡಿಸಿದೆ. ಅಂದರೆ ಅಲ್ಲಿನ ಬ್ಯಾಂಕಿನಲ್ಲಿ ಮೊದಲೇ ಹಣ ಇಡುವುದು. ನಾವು ಅಲ್ಲಿಗೆ ಹೋದ ಮೇಲೆ ಅದರಲ್ಲಿ ಸ್ವಲ್ಪ, ಉಳಿದದ್ದು ಕಂತಿನಲ್ಲಿ ಕೈಗೆ ಬರುತ್ತದೆ. ಅಪ್ಪ ಊರಿನ ಸೈಟು ಮಾರೋಣ ಅಂದರು, ಬೇಡ ಅಂದೆ. ಎಜುಕೇಶನ್ ಲೋನ್ ಆಯಿತು. ಪಾರ್ಟ್‌ಟೈಮ್ ಕೆಲಸ ನಂಬಿ ಲೆಕ್ಕ ಹಾಕಬೇಡಿ. ತರಗತಿ ನಡೆಯುವಾಗ ಕ್ಯಾಂಪಸ್ ಹೊರಗೆ ವಾರಕ್ಕೆ 24 ಗಂಟೆಯಷ್ಟೇ ಮಾಡಬಹುದು.

ಇನ್ನೊಂದು ವಿಷಯ. ಮಂಜೂರಾದಾಗ ಬರುವುದು ಪತ್ರ ಮಾತ್ರ, ಪರ್ಮಿಟ್ ಕೊಡುವುದು ಅಲ್ಲಿ ಇಳಿದ ಮೇಲೆ. ಹಾಗಾಗಿ ಆ ಪತ್ರ, ಸೀಟಿನ ಪತ್ರ, ಹಣದ ದಾಖಲೆ ಎಲ್ಲ ಹ್ಯಾಂಡ್‌ಬ್ಯಾಗಿನಲ್ಲೇ ಇರಲಿ.

ಸೆಪ್ಟೆಂಬರಿಗೆ ತರಗತಿ ಶುರು. ವಿನಿಪೆಗ್ ಚಳಿ ಮೈನಸ್ 30ಕ್ಕೂ ಇಳಿಯುತ್ತದೆ. ಜಾಕೆಟ್ ಅಲ್ಲೇ ಕೊಳ್ಳುವುದು ವಾಸಿನಾ? ಅಲ್ಲಿರುವವರು ಹೇಳಿ.