ಅಪ್‌ಡೇಟ್: ಕಾಕಾನ ರೇಸ್ ಸೈಕಲ್, ಹ್ಯಾಂಡಲ್ ಟೇಪ್

ಕಾಕಾನ ಹಳೇ ರೇಸ್ ಸೈಕಲ್ಲಿಗೆ ಬಟ್ಟೆ ಟೇಪ್ ಮೇಲಿಂದ ಸುತ್ತಬೇಕೋ ಕೆಳಗಿಂದಲೋ, ಬ್ರೇಕ್ ಲಿವರ್ ಎಷ್ಟು ಎತ್ತರಕ್ಕಿರಬೇಕು ಅಂತ ಕೇಳಿದ್ದೆ. ಕೆಲಸ ಮುಗೀತು, ಎಲ್ಲರಿಗೂ ಥ್ಯಾಂಕ್ಸ್ ರೀ.

ಲಿವರ್ ಮೊದಲು. ಕೆಳಕ್ಕೆ ಬಾಗಿದ ಹ್ಯಾಂಡಲ್‌ನ ಕೆಳಗಿನ ನೇರ ಭಾಗದಡಿ ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು, ಲಿವರ್ ತುದಿ ಅದಕ್ಕೆ ತಾಗುವಂಗೆ ಕೂರಿಸಿದೆ. ಬಿಗಿ ಮಾಡೋ ಸ್ಕ್ರೂ ಒಳಗಿರುತ್ತೆ, ಲಿವರ್ ಪೂರ್ತಿ ಎಳೆದರಷ್ಟೇ ಕಾಣೋದು. ಹಾಗಾಗಿ ಕೇಬಲ್ ಹಾಕೋ ಮುಂಚೆಯೇ ಬಿಗಿ ಮಾಡಿದೆ. ಬಲಗೈಗೆ ಮುಂದಿನ ಬ್ರೇಕ್, ನಮ್ಮ ಕಡೆ ರೂಢಿ ಹಂಗ. ಲಿವರ್ ಮೇಲೆ ಹಾಕೋ ರಬ್ಬರ್ ಕವಚ (ಹುಡ್) ಬಿಸಿ ಸೋಪಿನ ನೀರಲ್ಲಿ ನೆನೆಸಿದ ಮೇಲೆ ಸಲೀಸಾಗಿ ಏರಿತು. ಇವು ಹಳೇ ನಮೂನೆಯವು, ಕೇಬಲ್ ಲಿವರ್ ತಲೆಯಿಂದ ಕಮಾನಿನಂತೆ ಹೊರಗೆ ಬರುತ್ತೆ, ಟೇಪಿನಡಿ ಹೋಗಲ್ಲ.

ಟೇಪಿನ ವಿಷಯಕ್ಕೆ ನಿಮ್ಮಲ್ಲೇ ಎರಡು ಪಕ್ಷ ಆಗಿತ್ತು. ಮೇಲಿಂದ ಸುತ್ತಿದರೆ ಟೇಪಿನ ಕೊನೆ ಹ್ಯಾಂಡಲ್ ತುದಿ ಮುಚ್ಚೋ ಪ್ಲಗ್ಗಿನೊಳಗೆ ಅಡಗುತ್ತೆ, ಹಳೇ ಸೈಕಲ್ಲಿಗೆ ಅದೇ ಚೆಂದ, ಒಪ್ಪಿದೆ. ಆದರೆ ಅಂಚು ಮೇಲ್ಮುಖ ಆಗಿ, ಕೈ ಜಾರಿದಂಗೆಲ್ಲ ಏಳ್ತದೆ. ವಿಜಯಪುರದ ಬಿಸಿಲಿಗೆ ಅಂಗೈ ಬೆವರದೇ ಇರುತ್ತಾ? ಕೆಳಗಿಂದಲೇ ಸುತ್ತಿದೆ, ಎರಡೂ ಕಡೆ ಹೊರದಿಕ್ಕಿಗೆ. ಬಾಗಿ ಹಿಡಿದಾಗ ಕೈ ಹೊರಕ್ಕೇ ತಿರುಚುತ್ತೆ, ಟೇಪ್ ಸಡಿಲಾಗೋ ಬದಲು ಬಿಗಿಯಾಗುತ್ತೆ. ಲಿವರ್ ಹಿಂದೆ ಬರಿ ಲೋಹ ಇಣುಕದಂತೆ ಮೊದಲೇ ಒಂದು ತುಂಡು ಟೇಪ್ ಇಟ್ಟಿದ್ದೆ.

ಆಮೇಲೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು ಬಳಿದೆ. ಹಳದಿ ಟೇಪ್ ಜೇನಿನ ಬಣ್ಣಕ್ಕೆ ತಿರುಗಿತು. ಕಾಕಾಗೆ ಮಾತ್ರ ಹಳದಿಯೇ ಬೇಕಿತ್ತಂತೆ!

ಬ್ರೇಕ್ ರಬ್ಬರ್ ಕಲ್ಲಾಗಿವೆ, ಬದಲಿಸೋದು ಬಾಕಿ. ಹಳೇ ಸ್ಟೀಲ್ ರಿಮ್ಮಿಗೆ ಯಾವುದು ಚಲೋ, ಹೇಳ್ರಿ.