ದಸರೆಗೆ ಮೈಸೂರು: ಅತ್ತೆ, ಇಬ್ಬರು ಮಕ್ಕಳು, ಮೂರು ದಿನ

ಕೋಲಾರದಿಂದ ಕೇಳಿದ್ದು:
ಈ ಸಲ ದಸರಾ ರಜೆಗೆ ಕಾರಿನಲ್ಲಿ ಮೈಸೂರಿಗೆ ಹೊರಟಿದ್ದೇವೆ. ಮಕ್ಕಳಿಗೆ 6 ಮತ್ತು 11 ವರ್ಷ. ಜೊತೆಗೆ ಅತ್ತೆ, 72 ವರ್ಷ, ಮಂಡಿನೋವು. ಮ್ಯೂಸಿಯಂ ಅಂದರೆ ಮಕ್ಕಳು ಮುಖ ತಿರುಗಿಸುತ್ತಾರೆ. ಜಂಬೂಸವಾರಿ ನೋಡಲೇಬೇಕಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಹಾಸನದಿಂದ:
ಚಿಕ್ಕ ಮಗು ಇದ್ದರೆ ಬೇಡ ಕಣ್ರೀ. ನಾವು ಸಯ್ಯಾಜಿರಾವ್ ರಸ್ತೆಯಲ್ಲಿ ಬೆಳಿಗ್ಗೆ 10ಕ್ಕೇ ಜಾಗ ಹಿಡಿದು ಕೂತೆವು. ಮೆರವಣಿಗೆ ಬಂದದ್ದು ಮಧ್ಯಾಹ್ನ ಕಳೆದ ಮೇಲೆ. ಅಷ್ಟರಲ್ಲಿ ಅಮ್ಮನಿಗೆ ಶೌಚಾಲಯಕ್ಕೆ ಹೋಗಬೇಕಾಯಿತು. ಆ ಜನರ ಮಧ್ಯೆ ಎದ್ದು ಹೋಗುವುದು ಹೇಗೆ, ಹೋದರೆ ವಾಪಸ್ ಬರುವುದು ಹೇಗೆ? 750 ಕೆಜಿ ತೂಕದ ಚಿನ್ನದ ಅಂಬಾರಿ ಕಣ್ಣ ಮುಂದೆ ಇದ್ದದ್ದು ಎರಡೇ ನಿಮಿಷ. ಮಗಳು ನನ್ನ ತೊಡೆ ಮೇಲೆ ನಿದ್ದೆ ಮಾಡುತ್ತಿದ್ದಳು!

ಅದರ ಬದಲು ಆನೆಗಳ ತಾಲೀಮು ನೋಡಿ. ಜಂಬೂಸವಾರಿಗೆ ಮುಂಚಿನ ವಾರಗಳಲ್ಲಿ ಅರಮನೆಯಿಂದ ಬನ್ನಿಮಂಟಪದವರೆಗೆ, ಸುಮಾರು 5 ಕಿಲೋಮೀಟರ್, ಆನೆಗಳನ್ನು ನಡೆಸುತ್ತಾರೆ. ಮೊದಮೊದಲು ಬೆನ್ನ ಮೇಲೆ ಮರಳಿನ ಮೂಟೆ ಕಟ್ಟುತ್ತಾರೆ, ಆಮೇಲೆ ಮರದ ಅಂಬಾರಿ. ಟಿಕೆಟ್ ಇಲ್ಲ, ಪಾಸ್ ಇಲ್ಲ, ಫುಟ್‌ಪಾತ್ ಮೇಲೆ ನಿಂತರೆ ಸಾಕು. ನಮ್ಮೆದುರು ಸಾಲಾಗಿ ಹೋದಾಗ ಸರಪಳಿ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. "ಅಷ್ಟು ದೊಡ್ಡ ಕಾಲಿಗೆ ಸದ್ದೇ ಇಲ್ವಲ್ಲಮ್ಮ" ಅಂತ ಮಗಳು ಪಿಸುಗುಟ್ಟಿದಳು. ಅವಳಿಗೆ ದಸರಾ ಅಂದರೆ ಇವತ್ತಿಗೂ ಅದೇ.

ಮೈಸೂರಿನಿಂದ:
ನಾನು ಇಲ್ಲಿಯವಳು, ಪೂರ್ತಿ ಒಪ್ಪಲ್ಲ. 11 ವರ್ಷದ ಮಗುವಿಗೆ ಜಂಬೂಸವಾರಿ ತಪ್ಪಿಸಬೇಡಿ. ದೊಡ್ಡ ಮಗುವನ್ನು ಅಪ್ಪ ಕರೆದುಕೊಂಡು ಹೋಗಲಿ, ಅತ್ತೆ ಮತ್ತು ಚಿಕ್ಕ ಮಗು ರೂಮಿನಲ್ಲೇ ಟಿವಿಯಲ್ಲಿ ನೋಡಲಿ. ನಿಜ ಹೇಳಬೇಕಂದ್ರೆ ನಮ್ಮ ಮನೆಯಲ್ಲೂ ಅರ್ಧ ಜನ ಟಿವಿ ಮುಂದೆಯೇ.

ಅರಮನೆ ಒಳಗೆ ಹೋಗುವುದಾದರೆ ದಿನ ನೋಡಿಕೊಂಡು ಹೋಗಿ. ಖಾಸಗಿ ದರ್ಬಾರು, ಆಯುಧಪೂಜೆ ಅಂತ ನವರಾತ್ರಿಯಲ್ಲಿ ಕೆಲವು ಹೊತ್ತು ಪ್ರವಾಸಿಗರನ್ನು ಬಿಡುವುದಿಲ್ಲ. ಚಪ್ಪಲಿ ಹೊರಗೇ ಬಿಡಬೇಕು, ಅತ್ತೆಗೆ ಸಾಕ್ಸ್ ಇಟ್ಟುಕೊಳ್ಳಿ. ಸಂಜೆ ದೀಪ ಹತ್ತುವ ಹೊತ್ತಿಗೆ ಹೊರಗಡೆ ನಿಂತಿರಿ. ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೇ ಹತ್ತುತ್ತವೆ, ಇಡೀ ಜನ "ಓ" ಅನ್ನುತ್ತಾರೆ. ಕಾರನ್ನು ಮಾತ್ರ ಆ ಕಡೆ ತರಲೇಬೇಡಿ, ಆಟೋ ಹಿಡಿಯಿರಿ.

ತುಮಕೂರಿನಿಂದ:
ರೈಲ್ವೆ ಮ್ಯೂಸಿಯಂಗೆ ಹೋಗಿ. ಹಳೇ ಉಗಿಬಂಡಿ ಇಂಜಿನ್‌ಗಳು, ರಾಜಮನೆತನದ ಬೋಗಿ. ಅಲ್ಲಿ ಮಕ್ಕಳಿಗೆ ಬೋರ್ ಆಗಲ್ಲ. ಆಹಾರ ಮೇಳ ಇದ್ದರೆ ಬಿದಿರಿನಲ್ಲಿ ಬೇಯಿಸುವ ಬಂಬೂ ಬಿರಿಯಾನಿ ಬಿಡಬೇಡಿ, ಕ್ಯೂ ಉದ್ದ ಇರುತ್ತದೆ ಅಷ್ಟೇ.

ಬೆಂಗಳೂರಿನಿಂದ:
ದಾರಿಯಲ್ಲೇ ಒಂದು ಜಾಗ ಇದೆ, ಯಾರೂ ಹೇಳಲಿಲ್ಲವಲ್ಲ! ರಾಮನಗರದ ಹತ್ತಿರ ಜಾನಪದ ಲೋಕ, ಹಳ್ಳಿ ಬದುಕಿನ ಹಳೇ ವಸ್ತುಗಳ ಮ್ಯೂಸಿಯಂ. ಜಾನಪದ ವಿದ್ವಾಂಸ ಎಚ್.ಎಲ್. ನಾಗೇಗೌಡರು ಕಟ್ಟಿದ್ದು. ಎಕ್ಸ್‌ಪ್ರೆಸ್‌ವೇಯಲ್ಲೇ ಹೋದರೆ ಅದು ತಪ್ಪಿಹೋಗುತ್ತದೆ, ಹಳೇ ರಸ್ತೆಗೆ ಇಳಿಯಬೇಕು. ಮಂಗಳವಾರ ರಜೆ.

ಮ್ಯೂಸಿಯಂ ಅಂದರೆ ಓಡುವ ನನ್ನ ಮಗ ಅಲ್ಲಿ ಎರಡು ಗಂಟೆ ಇದ್ದ. ಕಾರಣ ಅವನ ಅಜ್ಜಿ. ಬೀಸುಕಲ್ಲು, ಒನಕೆ, ಸೇರು, ಪಾವು, ಚಟಾಕು ಕಂಡದ್ದೇ ತಡ, ಅಜ್ಜಿ ಮಾತು ಶುರು ಮಾಡಿದರು. ಬೀಸುವ ಗೂಟ ಹಿಡಿಯುವುದು ಹೇಗೆ ಅಂತ ಗಾಳಿಯಲ್ಲೇ ಕೈ ತಿರುಗಿಸಿ ತೋರಿಸಿದರು. ಬೋರ್ಡಿನಲ್ಲಿದ್ದ ಒಂದು ಹೆಸರನ್ನು "ನಮ್ಮ ಕಡೆ ಹಂಗನ್ನಲ್ಲ" ಅಂತ ತಳ್ಳಿಹಾಕಿದರು. ಪಕ್ಕದಲ್ಲಿದ್ದ ಬೇರೆಯವರ ಮಕ್ಕಳೂ ನಿಂತು ಕೇಳುತ್ತಿದ್ದರು. ಒಂದೇ ಮಾತು, ಜಾಗ ದೊಡ್ಡದು, ಕಟ್ಟಡಗಳು ದೂರದೂರ. ಮಂಡಿನೋವಿನವರಿಗೆ ಎರಡು ಸಾಕು, ಆಮೇಲೆ ಮರದ ಕೆಳಗೆ ಕೂರಿಸಿ.

ಕೋಲಾರದಿಂದ ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಜಾನಪದ ಲೋಕ ಮೊದಲು, ಜಂಬೂಸವಾರಿಗೆ ಅಪ್ಪ ಮತ್ತು ದೊಡ್ಡವಳು ಅಂತ ತೀರ್ಮಾನ ಆಯಿತು. ಅತ್ತೆಗೆ ಇದನ್ನೆಲ್ಲಾ ಓದಿ ಹೇಳಿದೆ. "ಬೀಸುಕಲ್ಲು ನೋಡೋಕೆ ಟಿಕೆಟ್ ಯಾಕೆ, ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಪಕ್ಕ ನಮ್ಮದೇ ಬಿದ್ದಿದೆಯಲ್ಲ" ಅಂದರು. ಹನ್ನೆರಡು ವರ್ಷದಿಂದ ನಾನು ಅದರ ಮೇಲೆ ಸೋಪಿನ ಡಬ್ಬ ಇಡುತ್ತಿದ್ದೇನೆ.